ಇಮ್ರಾನ್ ಖಾನ್ ಪುಸ್ತಕ: ಆಸ್ಪತ್ರೆ ಭಾಗಕ್ಕೆ ಫುಲ್ ಮಾರ್ಕ್ಸ್, ಮಿಕ್ಕಿದ್ದು ನಿಮ್ಮಿಷ್ಟ

ಅವೆನ್ಯೂ ರೋಡಲ್ಲಿ ಸೆಕೆಂಡ್ ಹ್ಯಾಂಡ್ 180 ರೂಪಾಯಿಗೆ ಸಿಕ್ತು, 'ಪಾಕಿಸ್ತಾನ್: ಎ ಪರ್ಸನಲ್ ಹಿಸ್ಟರಿ', 2011ರದ್ದು. ನಿಜ ಹೇಳ್ಬೇಕಂದ್ರೆ ತಗೊಂಡಿದ್ದು ಕ್ರಿಕೆಟ್‌ಗೋಸ್ಕರ. 1987ರ ಮಾರ್ಚಲ್ಲಿ ನಮ್ ಚಿನ್ನಸ್ವಾಮಿಲಿ ಆ ತಿರುಗೋ ಪಿಚ್ ಮೇಲೆ ಗಾವಸ್ಕರ್ 96 ಹೊಡೆದ್ರೂ 16 ರನ್ನಿಂದ ಸೋತ್ವಲ್ಲ, ಆವತ್ತು ಪಾಕಿಸ್ತಾನದ ಕ್ಯಾಪ್ಟನ್ ಇದೇ ಇಮ್ರಾನ್. ಅಪ್ಪ ಅವತ್ತು ರಾತ್ರಿ ಊಟಾನೇ ಮಾಡ್ಲಿಲ್ಲ. ಅದ್ರ ಕಥೆ ಪುಟಗಟ್ಟಲೆ ಇರುತ್ತೆ ಅಂತ ತಗೊಂಡ್ರೆ ಮೋಸ ಹೋಗ್ತೀರಾ, ಇದ್ರಲ್ಲಿ ಕ್ರಿಕೆಟ್ ಅನ್ನೋದು ಎಲೆ ತುದಿಗೆ ಬಡಿಸಿದ ಉಪ್ಪಿನಕಾಯಿ ಥರ.

ಆದ್ರೆ ಕಾಯಿಲೆ ಬಗ್ಗೆ ಬರೆದಿರೋದಿದ್ಯಲ್ಲ, ಅದು ಬೇರೆ ಲೆವೆಲ್. ಅವ್ರಮ್ಮ ಶೌಕತ್ ಖಾನಮ್ 1985ರಲ್ಲಿ ಕ್ಯಾನ್ಸರಿಂದ ತೀರ್ಕೊಂಡ್ರು, ಆ ಟೈಮಲ್ಲಿ ಲಾಹೋರ್‌ನ ಮೇಯೋ ಆಸ್ಪತ್ರೇಲಿ ಈಯಪ್ಪ ಒಬ್ಬ ಮುದುಕನ್ನ ನೋಡ್ತಾನೆ, ತಮ್ಮನ ಟ್ರೀಟ್‌ಮೆಂಟ್‌ಗೆ ಅಂತ ಹಗಲೆಲ್ಲಾ ಕೂಲಿ ಮಾಡೋದು, ಕೈಲಿ ಔಷಧಿ ಚೀಟಿ ಹಿಡ್ಕೊಂಡು ಅಲ್ಲೇ ಕಾಯೋದು. ನಮ್ಮಮ್ಮನ ಜೊತೆ ನಾನೂ ಆಸ್ಪತ್ರೆ ಕಾರಿಡಾರಲ್ಲಿ ಚಾಪೆ ಹಾಸ್ಕೊಂಡು ಮಲಗಿದೀನಿ, ಇದನ್ನ ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬಡವ್ರಿಗೆ ಫ್ರೀ ಕ್ಯಾನ್ಸರ್ ಆಸ್ಪತ್ರೆ ಆಗೋ ಮಾತಲ್ಲ ಅಂತ ಡಾಕ್ಟ್ರುಗಳೇ ಹೇಳಿದ್ರಂತೆ. ಇವ್ನು ಬಿಡ್ಬೇಕಲ್ಲ, ಸ್ಕೂಲ್ ಮಕ್ಕಳ ಕೈಲಿ ಚಂದಾ ಎತ್ತಿಸಿ, ಊರೂರು ಸುತ್ತಿ ದುಡ್ಡು ಕೂಡಿಸಿ 1994ರ ಡಿಸೆಂಬರ್ 29ಕ್ಕೆ ಲಾಹೋರಲ್ಲಿ ಬಾಗಿಲು ತೆಗೆದೇಬಿಟ್ಟ. 1992ರಲ್ಲಿ ಮೆಲ್ಬರ್ನಲ್ಲಿ ವರ್ಲ್ಡ್ ಕಪ್ ಕೈಲಿ ಹಿಡ್ಕೊಂಡು ಟೀಮ್ ಹುಡುಗ್ರಿಗೆ ಥ್ಯಾಂಕ್ಸ್ ಹೇಳೋದು ಬಿಟ್ಟು ಆಸ್ಪತ್ರೆ ಮಾತಾಡಿದ್ನಲ್ಲ, ಆಗ ಎಂಥಾ ಅಹಂಕಾರ ಅನ್ನಿಸಿತ್ತು. ಈಗ್ಲೂ ಸ್ವಲ್ಪ ಹಂಗೇ ಅನ್ಸುತ್ತೆ, ಆದ್ರೆ ತಲೇಲಿ ಏನಿತ್ತು ಅಂತ ಗೊತ್ತಾಯ್ತು.

ಪೊಲಿಟಿಕ್ಸ್ ಶುರುವಾದ್ಮೇಲೆ ಪುಸ್ತಕ ಭಾಷಣ ಆಗೋಗುತ್ತೆ. ಅಮೆರಿಕ, ಡ್ರೋನು, ಬುಡಕಟ್ಟಿನವ್ರ ಪಂಚಾಯ್ತಿ, ತಿನ್ನೋ ಲೀಡರ್‌ಗಳು, ಅದನ್ನೇ ತಿರುಗಿಸಿ ಮುರುಗಿಸಿ ಹೇಳ್ತಾನೆ. 2002ರಲ್ಲಿ ಮಿಲಿಟರಿ ಆಡಳಿತಗಾರ ಮುಷರ್ರಫ್ ತಾನೇ ಅಧ್ಯಕ್ಷನಾಗಿ ಮುಂದುವರಿಯೋಕೆ ಮಾಡಿಸಿದ ರೆಫರೆಂಡಮ್‌ಗೆ (ಜನಮತಕ್ಕೆ) ಸಪೋರ್ಟ್ ಮಾಡಿದ್ದು ತಪ್ಪು ಅಂತ ಒಪ್ಕೊಳ್ತಾನೆ, ಅದು ಇಷ್ಟ ಆಯ್ತು. ಮಿಕ್ಕಿದ್ದೆಲ್ಲಾ ಎದುರಿನವ್ರದ್ದೇ ತಪ್ಪು. ಮಜಾ ಏನಂದ್ರೆ ಇದನ್ನ ಬರೆದಾಗ ಇನ್ನೂ ಪ್ರಧಾನಿ ಆಗಿರ್ಲಿಲ್ಲ. 2018ರಲ್ಲಿ ಆದ, 2022ರಲ್ಲಿ ಅವಿಶ್ವಾಸದಲ್ಲಿ ಇಳಿದ, 2023ರಲ್ಲಿ ಜೈಲು. ಇದೆಲ್ಲಾ ಗೊತ್ತಿಟ್ಕೊಂಡು ಓದಿದ್ರೆ 'ನಾನು ಬಂದ್ರೆ ಸರಿ ಮಾಡ್ತೀನಿ' ಅನ್ನೋ ಧಾಟಿ ಬಂದಲ್ಲೆಲ್ಲಾ ಒಂಥರಾ ಕಸಿವಿಸಿ.

ಹೊಸ ಕಾಪಿಗೆ ದುಡ್ಡು ಹಾಕ್ಬೇಡಿ, ಹಳೇದು ಸಿಕ್ರೆ ಆಸ್ಪತ್ರೆ ಭಾಗ ಖಂಡಿತ ಓದಿ. ಅಕ್ಷರ ಚಿಕ್ಕದು, ಅಪ್ಪಂಗೆ ಕನ್ನಡಕ ಹಾಕಿದ್ರೂ ಕಾಣಲ್ಲ, ಅದ್ಕೆ ರಾತ್ರಿ ನಾನೇ ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ. ಅವ್ರು ದಿನಾ ಕೇಳೋದು ಒಂದೇ, "ಬೆಂಗ್ಳೂರು ಟೆಸ್ಟ್ ಬಂತೇನೋ?"