ನೈಲಾನ್ ಪೆಟ್ರೋಲ್ ಟ್ಯಾಂಕ್ ಉಬ್ಬಿದಾಗ ಸಿಕ್ಕ ವಾರಂಟಿ ಸೇವೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ 2010ರ ಏಪ್ರಿಲ್ ತಿಂಗಳಲ್ಲಿ ನಾನು ಹೊಸದಾಗಿ ಕೊಂಡ ಯುರೋಪಿನ ಬೈಕೊಂದರ ಪ್ಲಾಸ್ಟಿಕ್ ಪೆಟ್ರೋಲ್ ಟ್ಯಾಂಕ್, ಎರಡು ವರ್ಷಗಳ ವಾರಂಟಿ ಮುಗಿಯುವ ಮೊದಲೇ ಉಬ್ಬಿ ಸೊಟ್ಟಗಾಯಿತು. ಆಗ ಡೀಲರ್ ಮತ್ತು ಕಂಪನಿ ನನ್ನೊಂದಿಗೆ ನಡೆದುಕೊಂಡ ರೀತಿಯನ್ನೂ, ಬದಲಿಯಾಗಿ ಬಂದ ಟ್ಯಾಂಕ್ ಹೇಗಿತ್ತು ಎಂಬುದನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಬೈಕ್ ಈಗಲೂ ನನ್ನ ಬಳಿಯೇ ಇದೆ, ಅದರ ಎಂಜಿನ್ ಬಗ್ಗೆ ನನಗೆ ಒಂದು ದೂರೂ ಇಲ್ಲ. ಈ ಬರಹ ಟ್ಯಾಂಕಿನ ವಿಚಾರಕ್ಕೆ ಮಾತ್ರ ಸೀಮಿತ.

ಏನೋ ತಪ್ಪಾಗಿದೆ ಎಂದು ನನಗೆ ಮೊದಲು ಗೊತ್ತಾದದ್ದು 2011ರ ಅಕ್ಟೋಬರಿನಲ್ಲಿ, ಏರ್ ಫಿಲ್ಟರ್ ಬದಲಿಸುವಾಗ. ಈ ಬೈಕಿನಲ್ಲಿ ಟ್ಯಾಂಕಿನ ಮುಂಭಾಗ ಚಾಸಿಯ ಮೇಲಿರುವ ಎರಡು ರಬ್ಬರ್ ಗುಬುಟುಗಳಿಗೆ ಸಿಕ್ಕಿಕೊಂಡಿರುತ್ತದೆ, ಹಿಂಭಾಗವನ್ನು ಸೀಟಿನ ಕೆಳಗೆ ಒಂದೇ ಒಂದು ಬೋಲ್ಟ್ ಹಿಡಿದಿರುತ್ತದೆ. ಕೆಲಸ ಮುಗಿಸಿ ಟ್ಯಾಂಕನ್ನು ಮತ್ತೆ ಕೂರಿಸಲು ಹೋದರೆ ಆ ಬೋಲ್ಟ್ ತನ್ನ ತೂತಿಗೆ ಇಳಿಯಲೇ ಇಲ್ಲ. ಟ್ಯಾಂಕಿನ ತೂತು ಚಾಸಿಯ ತೂತಿಗಿಂತ ಹಿಂದಕ್ಕೆ ಸರಿದಿತ್ತು, ಅಳತೆಪಟ್ಟಿ ಇಟ್ಟು ನೋಡಿದರೆ ಸರಿಯಾಗಿ 9 ಮಿಲಿಮೀಟರ್. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದಾಗ ಸ್ವಿಚ್ಚಿನ ಪೆಟ್ಟಿಗೆ ಟ್ಯಾಂಕಿನ ಭುಜಕ್ಕೆ ಉಜ್ಜಿ, ಅಲ್ಲಿ ಬಣ್ಣ ನಾಣ್ಯದಗಲ ಮಾಸಿಹೋಗಿದ್ದನ್ನೂ ಆಗಲೇ ಗಮನಿಸಿದೆ. ಟ್ಯಾಂಕನ್ನು ಬೋರಲು ಹಾಕಿ ಕೈಯಾಡಿಸಿದರೆ, ಚಪ್ಪಟೆಯಾಗಿರಬೇಕಾದ ತಳ ನೆನೆದ ರಟ್ಟಿನ ಹಾಗೆ ಅಲೆಅಲೆಯಾಗಿತ್ತು. ನಮ್ಮೂರು ತೀರ್ಥಹಳ್ಳಿಯ ಕಡೆ ಆಷಾಢದ ಮಳೆ ಹಿಡಿದ ಮೇಲೆ ಮರದ ಬಾಗಿಲು ಉಬ್ಬಿ, ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ನೂಕಿದರೂ ಮುಚ್ಚದಂತಾಗುವುದನ್ನು ನೋಡಿ ಬೆಳೆದ ನನಗೆ ಆಗಿರುವುದೇನೆಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಈ ಹೋಲಿಕೆ ಬಹುಮಟ್ಟಿಗೆ ನಿಜವೂ ಹೌದು. ಟ್ಯಾಂಕಿನ ತಳದಲ್ಲಿ ‘ಪಿಎ 6’ ಎಂಬ ಗುರುತು ಅಚ್ಚಾಗಿತ್ತು, ಅಂದರೆ ಪಾಲಿಅಮೈಡ್ 6, ನಾವು ನೈಲಾನ್ ಎನ್ನುವ ವಸ್ತು. ನೈಲಾನ್ ಪುಡಿಯನ್ನು ಬಿಸಿ ಅಚ್ಚಿನೊಳಗೆ ಹಾಕಿ, ಅಚ್ಚನ್ನು ಎರಡು ಅಕ್ಷಗಳ ಮೇಲೆ ತಿರುಗಿಸುತ್ತಾ ಹೋದರೆ ಕರಗಿದ ಪುಡಿ ಒಳಗೋಡೆಗೆಲ್ಲ ಅಂಟಿ, ಬೆಸುಗೆಯೇ ಇಲ್ಲದ ಒಂದೇ ತುಂಡಿನ ಟ್ಯಾಂಕ್ ಸಿದ್ಧವಾಗುತ್ತದೆ. ಉಕ್ಕಿನ ತಗಡಿನಲ್ಲಿ ತರಲಾಗದ ತಿರುವುಗಳನ್ನು ಇದರಲ್ಲಿ ತರಬಹುದು, ತುಕ್ಕಿನ ಭಯವೂ ಇಲ್ಲ. ಸಾಮಾನ್ಯ ಪಾಲಿಎಥಿಲೀನ್ ಗೋಡೆಯ ಮೂಲಕ ಪೆಟ್ರೋಲಿನ ಆವಿ ಮೆಲ್ಲಗೆ ಹೊರಗೆ ನುಸುಳುತ್ತದೆ, ನೈಲಾನ್ ಅದನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಅಮೆರಿಕದಲ್ಲಿ 2008ರ ಮಾಡೆಲ್‌ಗಳಿಂದೀಚೆಗೆ ರಸ್ತೆಯ ಬೈಕುಗಳ ಟ್ಯಾಂಕಿನಿಂದ ದಿನಕ್ಕೆ ಒಂದು ಚದರ ಮೀಟರಿಗೆ 1.5 ಗ್ರಾಂಗಿಂತ ಹೆಚ್ಚು ಇಂಧನ ನುಸುಳಬಾರದು ಎಂಬ ನಿಯಮವಿರುವುದರಿಂದ, ಈ ಗುಣಕ್ಕೆ ಬೆಲೆ ಬಂತು. ಆದರೆ ಪೆಟ್ರೋಲನ್ನು ತಡೆಯುವ ಈ ನೈಲಾನ್ ನೀರನ್ನೂ ಆಲ್ಕೋಹಾಲನ್ನೂ ತಡೆಯುವುದಿಲ್ಲ. ಅದರ ಸರಪಳಿಗಳಲ್ಲಿರುವ ಅಮೈಡ್ ಗುಂಪುಗಳು ಇವೆರಡನ್ನೂ ಹತ್ತಿರ ಸೆಳೆದುಕೊಳ್ಳುತ್ತವೆ. ನೀರಿನಲ್ಲಿ ಮುಳುಗಿಸಿಟ್ಟ ನೈಲಾನ್ 6 ತನ್ನ ತೂಕದ ಸುಮಾರು ಶೇ 9ರಷ್ಟು ನೀರನ್ನು ಕುಡಿಯಬಲ್ಲದು. ಕುಡಿದಷ್ಟೂ ಹಿಗ್ಗುತ್ತದೆ, ಮೆತ್ತಗಾಗುತ್ತದೆ. ಮುಂದೆ ರಬ್ಬರಿಗೂ ಹಿಂದೆ ಬೋಲ್ಟಿಗೂ ಸಿಕ್ಕಿಬಿದ್ದಿರುವ ಟ್ಯಾಂಕ್ ಹಿಗ್ಗಲು ಜಾಗವಿಲ್ಲದೆ ಸೊಟ್ಟಗಾಗುತ್ತದೆ.

ಆಲ್ಕೋಹಾಲ್ ಎಲ್ಲಿಂದ ಬಂತೆಂದರೆ ಬಂಕಿನಿಂದಲೇ. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಅಂತರ್ಜಲಕ್ಕೆ ಇಳಿಯುತ್ತಿದೆಯೆಂದು ಕ್ಯಾಲಿಫೋರ್ನಿಯಾ 2003ರ ಕೊನೆಯ ಹೊತ್ತಿಗೆ ಅದನ್ನು ಕೈಬಿಟ್ಟಿತು. ಅದರ ಜಾಗಕ್ಕೆ ಶೇ 5.7ರಷ್ಟು ಎಥೆನಾಲ್ ಬಂತು, 2010ರ ಹೊತ್ತಿಗೆ ಅದು ಶೇ 10ಕ್ಕೆ ಏರಿತು. ನಾನು ಬೈಕ್ ಕೊಂಡದ್ದೂ ಅದೇ ವರ್ಷ. ಎಥೆನಾಲ್ ಇಲ್ಲದ ಪೆಟ್ರೋಲ್ ಇಲ್ಲಿನ ಸಾಮಾನ್ಯ ಬಂಕುಗಳಲ್ಲಿ ಸಿಗುವುದೇ ಇಲ್ಲ ಎನ್ನಬಹುದು. ಹಾಗಾಗಿ ‘ಬೇರೆ ಪೆಟ್ರೋಲ್ ಹಾಕಬೇಕಿತ್ತು’ ಎನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ.

ಡೀಲರ್ ಬಳಿ ಮೊದಲ ಸಲ ಹೋದಾಗ ನನಗೆ ಕೇಳಿಸಿದ್ದು ಬಹುತೇಕ ಅದೇ ಮಾತು. ಸರ್ವಿಸ್ ಕೌಂಟರಿನಲ್ಲಿದ್ದವರು ಬೈಕನ್ನು ನಿಂತಲ್ಲಿಂದಲೇ ನೋಡಿ, ಪ್ಲಾಸ್ಟಿಕ್ ಟ್ಯಾಂಕ್ ಸ್ವಲ್ಪ ಹಿಗ್ಗುವುದು ಸಹಜವೆಂದೂ, ಚಳಿಗಾಲದಲ್ಲಿ ಟ್ಯಾಂಕ್ ತುಂಬಿಸಿ ನಿಲ್ಲಿಸಿದರೆ ಹೀಗಾಗುತ್ತದೆಂದೂ, ಎರಡು ವಾರ ಖಾಲಿ ಮಾಡಿ ಒಣಗಿಸಿದರೆ ಸರಿಹೋಗುತ್ತದೆಂದೂ ಹೇಳಿ ಕಳಿಸಿದರು. ನಾನು ಹಾಗೆಯೇ ಮಾಡಿದೆ. ಟ್ಯಾಂಕನ್ನು ಬಿಚ್ಚಿ, ಪೂರ್ತಿ ಬರಿದು ಮಾಡಿ, ಮುಚ್ಚಳ ತೆಗೆದು ಗಾಳಿಯಾಡುವಲ್ಲಿ ಹದಿನೈದು ದಿನ ಇಟ್ಟೆ. 9 ಮಿಲಿಮೀಟರಿನ ಅಂತರ 5ಕ್ಕೆ ಇಳಿಯಿತು, ಅಲ್ಲಿಂದ ಮುಂದೆ ಇಳಿಯಲಿಲ್ಲ. ಬೋಲ್ಟ್ ಆಗಲೂ ಕೂರಲಿಲ್ಲ. ಒಣಗಿದಾಗ ನೈಲಾನ್ ಕುಗ್ಗುವುದು ನಿಜವಾದರೂ, ಒತ್ತಡದಲ್ಲಿ ತಿಂಗಳುಗಟ್ಟಲೆ ಬಾಗಿದ್ದ ಆಕಾರ ಅದರಲ್ಲಿ ಉಳಿದುಬಿಟ್ಟಿರುತ್ತದೆ. ವಾರಂಟಿಯ ದಿನಗಳು ಕಳೆಯುತ್ತಿರುವಾಗ ಗ್ರಾಹಕನಿಗೆ ಇಂಥ ಸಲಹೆಯನ್ನು ಬಾಯಿಮಾತಿನಲ್ಲಿ ಕೊಟ್ಟು, ದೂರನ್ನು ದಾಖಲಿಸದೆ ಕಳಿಸಿದ್ದು ನನ್ನ ದೃಷ್ಟಿಯಲ್ಲಿ ಈ ಸೇವೆಯ ಅತಿ ದೊಡ್ಡ ಲೋಪ.

ಎರಡನೆಯ ಸಲ ಹೋಗುವಾಗ ಕಾಗದಪತ್ರ ಸಿದ್ಧ ಮಾಡಿಕೊಂಡೇ ಹೋದೆ. ತೂತುಗಳ ನಡುವೆ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರಗಳು, ಹ್ಯಾಂಡಲ್ ಉಜ್ಜಿದ ಜಾಗದ ಚಿತ್ರ, ಒಣಗಿಸುವ ಮೊದಲಿನ ಮತ್ತು ನಂತರದ ಅಳತೆಗಳು, ಬೈಕಿನ ಜೊತೆ ಬಂದ ಕೈಪಿಡಿಯ ಒಂದು ಪುಟದ ಪ್ರತಿ. ಕೆಲಸ ಮಾಡಿದ್ದು ಆ ಪುಟವೇ. ಶೇ 10ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್ ಹಾಕಬಹುದೆಂದು ಅದರಲ್ಲಿ ಸ್ಪಷ್ಟವಾಗಿ ಮುದ್ರಿಸಿತ್ತು. ಕೈಪಿಡಿ ಒಪ್ಪಿದ ಇಂಧನವನ್ನೇ ಹಾಕಿ, ಕೈಪಿಡಿ ಹೇಳಿದಂತೆ ಸರ್ವಿಸ್ ಮಾಡಿಸಿ, ಆದರೂ ಟ್ಯಾಂಕ್ ತನ್ನ ಜಾಗದಲ್ಲಿ ಕೂರದಿದ್ದರೆ ಅದನ್ನು ಬಳಕೆಯ ತಪ್ಪೆನ್ನಲು ಬರುವುದಿಲ್ಲ ಎಂದು ನಾಲ್ಕು ಸಾಲಿನ ಪತ್ರ ಬರೆದು, ಹ್ಯಾಂಡಲ್ ಪೂರ್ತಿ ತಿರುಗದಿರುವುದು ಸವಾರನ ಪ್ರಾಣಕ್ಕೆ ಸಂಬಂಧಿಸಿದ್ದೆಂದು ಸೇರಿಸಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಡೀಲರ್ ಕಡೆಯವರ ಸಹಿ ಮತ್ತು ದಿನಾಂಕ ಹಾಕಿಸಿಕೊಂಡೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆ ಇದೆ, ಕ್ಯಾಲಿಫೋರ್ನಿಯಾಕ್ಕೆ ತನ್ನದೇ ಆದ ಸಾಂಗ್–ಬೆವರ್ಲಿ ಕಾಯ್ದೆಯೂ ಇದೆ. ಇವುಗಳ ಹೆಸರನ್ನು ಪತ್ರದಲ್ಲಿ ಬರೆದಿದ್ದೆನಾದರೂ ಬೆದರಿಸುವ ಮಾತು ಒಂದನ್ನೂ ಆಡಲಿಲ್ಲ, ಆಡುವ ಅಗತ್ಯವೂ ಬೀಳಲಿಲ್ಲ. ಸಹಿ ಬಿದ್ದ ಕಾಗದ ಕಂಪನಿಯ ಕಚೇರಿಗೆ ಹೋದ ಹತ್ತನೆಯ ದಿನ ಒಪ್ಪಿಗೆ ಬಂತು.

ಒಪ್ಪಿಗೆಯ ನಂತರ ಟ್ಯಾಂಕ್ ಬರಲು ಏಳು ವಾರ ಹಿಡಿಯಿತು. ಬಣ್ಣ ಹೊಂದಬೇಕಾದ್ದರಿಂದ ತಡವೆಂದರು, ಅದನ್ನು ಒಪ್ಪಬಹುದು. ಅಷ್ಟೂ ದಿನ ಬೈಕ್ ಮನೆಯಲ್ಲೇ ನಿಂತಿತ್ತು, ಬದಲಿ ವಾಹನವನ್ನಾಗಲಿ ಪರಿಹಾರವನ್ನಾಗಲಿ ಯಾರೂ ಕೊಡಲಿಲ್ಲ. ಟ್ಯಾಂಕ್ ಕೂರಿಸಿದ ಮೆಕ್ಯಾನಿಕ್ ಬಗ್ಗೆ ಮಾತ್ರ ಮನಸಾರೆ ಒಳ್ಳೆಯ ಮಾತು ಹೇಳಬೇಕು. ಹಳೆಯ ಪೆಟ್ರೋಲ್ ಪಂಪನ್ನು ಹೊಸ ಟ್ಯಾಂಕಿಗೆ ವರ್ಗಾಯಿಸುವಾಗ ಅದರ ಅಡಿಯ ರಬ್ಬರ್ ರಿಂಗನ್ನು ಬೆರಳಲ್ಲಿ ಎಳೆದು ನೋಡಿ, ಅದೂ ಹಿಗ್ಗಿದೆಯೆಂದು ತೋರಿಸಿ, ಪಟ್ಟಿಯಲ್ಲಿ ಇಲ್ಲದಿದ್ದರೂ ಹೊಸದನ್ನು ಹಾಕಿದರು. ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸಿ, ಸ್ವಿಚ್ಚಿಗೂ ಟ್ಯಾಂಕಿಗೂ ನಡುವೆ ಎಷ್ಟು ಸಂದಿ ಇದೆಯೆಂದು ನನ್ನನ್ನೇ ಕರೆದು ತೋರಿಸಿದರು. ‘ಇದೂ ಅದೇ ಪ್ಲಾಸ್ಟಿಕ್, ನೆನಪಿಡಿ’ ಎಂದು ತಗ್ಗಿದ ದನಿಯಲ್ಲಿ ಹೇಳಿದವರೂ ಅವರೇ. ಕೌಂಟರಿನಲ್ಲಿ ಕುಳಿತವರು ಆ ಮಾತನ್ನು ನನಗೆ ಹೇಳಿರಲಿಲ್ಲ.

ಈ ಇಡೀ ಅನುಭವದಲ್ಲಿ ನನ್ನ ನಿಜವಾದ ಆಕ್ಷೇಪ ಇರುವುದು ಇಲ್ಲಿಯೇ. ವಾರಂಟಿಯಲ್ಲಿ ಬಂದ ಟ್ಯಾಂಕ್ ಕೂಡ ಅದೇ ಪಿಎ 6. ವಸ್ತು ಬದಲಾಗಿಲ್ಲ, ಒಳಗೆ ಯಾವ ಲೇಪನವೂ ಇಲ್ಲ, ಬಂಕಿನ ಪೆಟ್ರೋಲಂತೂ ಮೊದಲಿನದ್ದೇ. ಬದಲಿಸಿದ ಭಾಗಕ್ಕೆ ವಾರಂಟಿ ಹೊಸದಾಗಿ ಶುರುವಾಗುತ್ತದೆಯೇ ಎಂದು ಕೇಳಿದರೆ, ಬೈಕಿನ ಮೂಲ ವಾರಂಟಿಯಲ್ಲಿ ಉಳಿದ ಅವಧಿ ಮಾತ್ರ ಅನ್ವಯಿಸುತ್ತದೆ ಎಂಬ ಉತ್ತರ ಬಂತು. ಅಂದರೆ ನನಗೆ ಸಿಕ್ಕಿದ್ದು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು. ನಿರೀಕ್ಷಿಸಿದಂತೆಯೇ 2013ರ ಬೇಸಿಗೆಯಲ್ಲಿ ಎರಡನೆಯ ಟ್ಯಾಂಕ್ 6 ಮಿಲಿಮೀಟರ್ ಹಿಂದಕ್ಕೆ ಸರಿಯಿತು. ಕಂಪನಿ ಅವಧಿ ಮುಗಿದಿದೆಯೆಂದು ಹೇಳಿ ಕೈತೊಳೆದುಕೊಂಡಿತು. ಮೊದಲ ಟ್ಯಾಂಕಿನ ದೋಷವನ್ನು ಒಪ್ಪಿ ಬದಲಿಸಿದವರು, ಅದೇ ದೋಷ ಅದೇ ಕಾರಣಕ್ಕೆ ಮರುಕಳಿಸಿದಾಗ ದಿನಾಂಕದ ಲೆಕ್ಕ ಹೇಳುವುದು ನ್ಯಾಯವೆಂದು ನನಗೆ ಈ ಹೊತ್ತಿಗೂ ಅನಿಸಿಲ್ಲ. ನೈಲಾನ್ ಟ್ಯಾಂಕುಗಳ ವಿಷಯದಲ್ಲಿ ಅಮೆರಿಕದ ಬೈಕ್ ಮಾಲೀಕರು ಸಾಮೂಹಿಕ ದಾವೆ ಹೂಡಿ, ರಾಜಿಯ ಮೂಲಕ ಟ್ಯಾಂಕಿಗಷ್ಟೇ ವಾರಂಟಿಯನ್ನು ವಿಸ್ತರಿಸಿಕೊಂಡ ಉದಾಹರಣೆಯಿದೆ. ಆ ಮಟ್ಟಕ್ಕೆ ಹೋಗುವ ಮೊದಲೇ ಕಂಪನಿಗಳು ತಾವಾಗಿಯೇ ಹಾಗೆ ಮಾಡಬೇಕಿತ್ತು.

ಮೂರನೆಯ ಟ್ಯಾಂಕನ್ನು ಸ್ವಂತ ಹಣದಲ್ಲಿ ಕೊಂಡೆ. ಅದಕ್ಕೆ ಒಂದು ಹನಿ ಪೆಟ್ರೋಲನ್ನೂ ಹಾಕುವ ಮೊದಲು ಒಳಗೆಲ್ಲ ಎಪಾಕ್ಸಿ ಲೇಪನ ಮಾಡಿದೆ. ನೈಲಾನ್ ಪೂರ್ತಿ ಒಣಗಿರಬೇಕಾದ್ದರಿಂದ ಈ ಕೆಲಸಕ್ಕೆ ಹೊಚ್ಚಹೊಸ ಟ್ಯಾಂಕೇ ಸೂಕ್ತ. ಬಳಸಿದ ಟ್ಯಾಂಕಾದರೆ ಗೋಡೆಯೊಳಗೆ ಸೇರಿಕೊಂಡ ಎಥೆನಾಲ್ ಹೊರಬಂದು ಲೇಪನವನ್ನು ಎಬ್ಬಿಸುತ್ತದೆ. ಪಂಪಿನ ಬಾಯಿಯನ್ನೂ ಮುಚ್ಚಳದ ಬಾಯಿಯನ್ನೂ ಟೇಪಿನಿಂದ ಮುಚ್ಚಿ, ಎರಡು ದ್ರವಗಳನ್ನು ಬೆರೆಸಿ ಸುರಿದು, ದೋಸೆ ಹಿಟ್ಟನ್ನು ಕಾವಲಿಯ ಅಂಚಿನವರೆಗೂ ಹರಡುವ ತಾಳ್ಮೆಯಿಂದ ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ಹೊರಳಿಸುತ್ತಾ ಅರ್ಧ ಗಂಟೆ ಕೂರಬೇಕು. ನಾನು ಒಂದು ವಾರ ಒಣಗಲು ಬಿಟ್ಟೆ. ಈ ಕೆಲಸವನ್ನು ಮಾಡಿಕೊಡಿ ಎಂದು ಡೀಲರನ್ನು ಕೇಳಿದಾಗ, ಕಂಪನಿ ಒಪ್ಪದ ಕೆಲಸ ಎಂದು ನಿರಾಕರಿಸಿದ್ದರು. ಆ ಟ್ಯಾಂಕ್ ಇದುವರೆಗೆ 1 ಮಿಲಿಮೀಟರಿಗಿಂತ ಹೆಚ್ಚು ಅಲುಗಿಲ್ಲ.

ಬೆಂಗಳೂರಿನಲ್ಲಿರುವ ಗೆಳೆಯರು ಈಗ ಇದನ್ನೇ ಕೇಳುತ್ತಿದ್ದಾರೆ, ಏಕೆಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲಿಯೇ. ನಮ್ಮ ದೇಶದಲ್ಲಿ ತಯಾರಾಗುವ ಬಹುಪಾಲು ಬೈಕುಗಳ ಟ್ಯಾಂಕ್ ಉಕ್ಕಿನದು. ಅದು ಉಬ್ಬುವುದಿಲ್ಲ, ಅದರ ಚಿಂತೆ ತುಕ್ಕು. ಆದರೆ ಹೊರದೇಶದಿಂದ ತರಿಸಿದ ದೊಡ್ಡ ಬೈಕು, ಅದರಲ್ಲೂ ಹತ್ತು ಹದಿನೈದು ವರ್ಷ ಹಳೆಯದು ನಿಮ್ಮಲ್ಲಿದ್ದರೆ, ಟ್ಯಾಂಕಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅದು ಅಂಟದಿದ್ದರೆ ತಳದಲ್ಲಿರುವ ಅಚ್ಚಿನ ಗುರುತನ್ನು ಓದಿ, ಬೋಲ್ಟಿನ ತೂತುಗಳ ಅಂತರವನ್ನು ಇವತ್ತೇ ಅಳೆದು ಬರೆದಿಡಿ. ವಾರಂಟಿ ಇನ್ನೂ ಇದ್ದರೆ ದೂರನ್ನು ಬಾಯಲ್ಲಿ ಹೇಳದೆ ಲಿಖಿತವಾಗಿ ಕೊಡಿ. ಡೀಲರ್ ಕಿವಿಗೊಡದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಅದರಾಚೆಗೆ ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ಅಂಕ ಕೊಡುವುದಾದರೆ ಐದರಲ್ಲಿ ಆ ಮೆಕ್ಯಾನಿಕ್ಕಿಗೆ ಐದು, ಕೌಂಟರಿಗೆ ಎರಡು, ಕಂಪನಿಯ ವಾರಂಟಿಗೆ ಎರಡು. ಟೈರು, ವಾಲ್ವಿನ ಕೆಲಸಕ್ಕೆ ಆ ಅಂಗಡಿಗೆ ಈಗಲೂ ಹೋಗುತ್ತೇನೆ, ಕೆಲಸ ಚೊಕ್ಕಟವಾಗಿರುತ್ತದೆ. ವಾರಂಟಿಯ ಕೆಲಸಕ್ಕೆ ಹೋಗುವವರು ಮಾತ್ರ ಬದಲಿ ಟ್ಯಾಂಕನ್ನು ಒಪ್ಪಿಕೊಳ್ಳುವ ಮೊದಲೇ, ಅದು ಯಾವ ವಸ್ತುವಿನದು ಮತ್ತು ಅದಕ್ಕೆ ಎಷ್ಟು ತಿಂಗಳ ಭರವಸೆ ಇದೆ ಎಂಬ ಎರಡು ಪ್ರಶ್ನೆಗಳಿಗೆ ಬಿಲ್ಲಿನ ಮೇಲೆಯೇ ಉತ್ತರ ಬರೆಸಿಕೊಳ್ಳಿ. ನಾನು ಅದನ್ನು ಕೇಳಿದ್ದು ಟ್ಯಾಂಕ್ ಕೂರಿಸಿ, ಪೆಟ್ರೋಲ್ ತುಂಬಿಸಿಯಾದ ಮೇಲೆ.