ಮಲೆನಾಡಲ್ಲಿ ‘ಟ್ರಯಲ್ಸ್’ ಅಂತ ಪೋಸ್ಟರ್ ಕಂಡ್ರೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಕಳೆದ ಭಾನುವಾರ ತೀರ್ಥಹಳ್ಳಿ ಕಡೆ ಒಂದು ‘ಆಫ್‌ರೋಡ್ ಬೈಕ್ ಟ್ರಯಲ್ಸ್’ ನಡೀತು. ನಡೀತು ಅಂತ ಬರೆಯೋಕೂ ಸಿಟ್ಟು ಬರುತ್ತೆ. ಅಲ್ಲಿ ನಡೆದದ್ದು ಹಡ್ಲು ಬಿದ್ದ ಗದ್ದೆಗೆ ಟಿಲ್ಲರ್ ಹೊಡೆದು, ನೀರು ನಿಲ್ಲಿಸಿ, ಆರಾರು ಬೈಕ್ ಒಟ್ಟಿಗೇ ಬಿಟ್ಟು ಓಡಿಸಿದ ಕೆಸರು ರೇಸ್. ಕೆಸರು ರೇಸ್ ಮಾಡ್ಲಿ, ಬೇಡ ಅಂದವರ್ಯಾರು? ಮಳೆಗಾಲ ಬಂದ್ರೆ ನಮ್ಮ ಕಡೆ ಅದು ಇದ್ದದ್ದೇ. ಆದ್ರೆ ಅದಕ್ಕೆ ಟ್ರಯಲ್ಸ್ (ಬಂಡೆ, ಬೇರಿನ ಮೇಲೆ ಕಾಲೂರದೆ ನಿಧಾನಕ್ಕೆ ಬೈಕ್ ದಾಟಿಸೋ ಆಟ) ಅಂತ ಹೆಸರಿಟ್ಟು, ಟ್ರಯಲ್ಸ್ ಫೋಟೋ ಹಾಕಿ, ಸವಾರನ ಹತ್ರ 2,500, ನೋಡೋಕೆ ಬಂದವರ ಹತ್ರ ತಲಾ 300, ಗಾಡಿ ನಿಲ್ಲಿಸೋಕೆ 50 ತಗೊಂಡ್ರಲ್ಲ, ಅದು ಮೋಸ. ನಾವು ಐದು ಜನ, ಒಂದು ಪಿಕಪ್, ಅದರ ಮೇಲೆ ಒಂದು ಎಕ್ಸ್‌ಪಲ್ಸ್ ಬೈಕ್, ಓಡಿಸೋಕೆ ನಮ್ಮಲ್ಲೇ ಒಬ್ಬ ಹುಡುಗ. ಒಟ್ಟು 3,750. ಸಾಗರದಿಂದ ಪಿಕಪ್ ಬಾಡಿಗೆ ಬೇರೆ.

ನಾಚಿಕೆ ಏನಂದ್ರೆ, ಟ್ರಯಲ್ಸ್ ಅಂದ್ರೆ ಏನು ಅಂತ ಆ ಐದು ಜನರಲ್ಲಿ ಗೊತ್ತಿದ್ದವನು ನಾನೊಬ್ಬನೇ. ‘ಬನ್ರೋ, ನಮ್ಮ ಕಡೆ ಮೊದಲ ಸಲ ನಿಜವಾದ ಟ್ರಯಲ್ಸ್ ನೋಡೋಕೆ ಸಿಗುತ್ತೆ’ ಅಂತ ಎಲ್ಲರನ್ನೂ ಹೊರಡಿಸಿದ್ದೂ ನಾನೇ.

ಪೋಸ್ಟರ್ ವಿಷಯಕ್ಕೆ ಬರ್ತೀನಿ, ಎಡವಿದ್ದು ಅಲ್ಲೇ. ಪೋಸ್ಟರಲ್ಲಿ ಟೋನಿ ಬೌ. 2007ರಲ್ಲಿ ಮೊದಲ ಸಲ ಟ್ರಯಲ್ಸ್ ವಿಶ್ವ ಚಾಂಪಿಯನ್ ಆದವನು, ಆಮೇಲೆ ಹದಿನೈದು ವರ್ಷಕ್ಕೂ ಮಿಕ್ಕಿ ಪಟ್ಟ ಯಾರಿಗೂ ಬಿಟ್ಟುಕೊಡದವನು. ಸೀಟೇ ಇಲ್ಲದ ಮೊಂಟೆಸಾ ಬೈಕ್ ಮೇಲೆ ನಿಂತು, ಆಳೆತ್ತರದ ಬಂಡೆ ಮೇಲೆ ಮುಂದಿನ ಚಕ್ರ ಇಟ್ಟಿದ್ದಾನೆ. ಆ ಫೋಟೋ ಕಂಡ್ರೆ ಟ್ರಯಲ್ಸ್ ಗೊತ್ತಿರೋ ಯಾರಿಗಾದ್ರೂ ಬಾಯಲ್ಲಿ ನೀರೂರುತ್ತೆ. ಕೆಳಗೆ ಮೂಲೇಲಿ, ಬಹುಮಾನದ ಪಟ್ಟಿ ಕೆಳಗೆ, ಇರುವೆ ಸಾಲಿನ ಹಾಗೆ ಒಂದು ಸಾಲು: ‘ಅತಿ ಕಡಿಮೆ ಸಮಯದಲ್ಲಿ ಮುಗಿಸಿದವರಿಗೆ ಪ್ರಥಮ ಬಹುಮಾನ’. ಓದಿದ್ದೆ. ಓದಿಯೂ ಬಿಟ್ಟೆ. ಪ್ರಿಂಟ್ ಮಾಡಿಸಿದವನಿಗೆ ಗೊತ್ತಿಲ್ಲ, ಏನೋ ಬರೆದಿದ್ದಾನೆ ಅಂದ್ಕೊಂಡೆ.

ಯಾಕೆ ಆ ಒಂದೇ ಸಾಲು ಸಾಕಿತ್ತು ಅಂದ್ರೆ, ಟ್ರಯಲ್ಸಲ್ಲಿ ಬೇಗ ಮುಗಿಸಿದವನಿಗೆ ಏನೂ ಸಿಗಲ್ಲ. ಸೆಕ್ಷನ್ ಅಂತ ಇರುತ್ತೆ. ಬಂಡೆ, ಬೇರು, ಹಳ್ಳದ ಗುಂಡುಕಲ್ಲು, ನೆಟ್ಟಗೆ ನಿಂತ ಧರೆ, ಇದನ್ನೆಲ್ಲ ಟೇಪ್ ಕಟ್ಟಿ ಗುರುತು ಮಾಡಿರ್ತಾರೆ. ಒಬ್ಬೊಬ್ಬನೇ ಒಳಗೆ ಹೋಗಬೇಕು. ಕಾಲೂರದೆ ದಾಟಿದ್ರೆ ಸೊನ್ನೆ. ಒಂದು ಸಲ ಕಾಲೂರಿದ್ರೆ 1, ಎರಡು ಸಲಕ್ಕೆ 2, ಅದಕ್ಕಿಂತ ಹೆಚ್ಚು ಎಷ್ಟೇ ಊರಿದ್ರೂ 3. ಬಿದ್ರೆ ಅಥವಾ ಟೇಪ್ ದಾಟಿದ್ರೆ 5. ಎಲ್ಲ ಸೆಕ್ಷನ್ ಕೂಡಿಸಿ ಯಾರದ್ದು ಕಡಿಮೆ ಬರುತ್ತೋ ಅವನು ಗೆದ್ದ. ಇಬ್ಬರದ್ದು ಸಮ ಬಂದ್ರೆ ಯಾರ ಸೊನ್ನೆಗಳು ಜಾಸ್ತಿ ಅಂತ ನೋಡ್ತಾರೆ. ಪೂರ್ತಿ ಸುತ್ತಿಗೆ ಇಷ್ಟು ಹೊತ್ತು ಅಂತ ಮಿತಿ ಇರುತ್ತೆ, ಮೀರಿದ್ರೆ ದಂಡದ ಅಂಕ ಬೀಳುತ್ತೆ, ಅಷ್ಟೇ. ಸ್ಟಾಪ್‌ವಾಚ್ ಹಿಡಿದು ‘ಇವನು ಫಸ್ಟು, ಅವನು ಸೆಕೆಂಡು’ ಅನ್ನೋ ಆಟವೇ ಅಲ್ಲ ಇದು. ಎರಡು ಮಾರು ಜಾಗ ದಾಟೋಕೆ ಒಬ್ಬ ಉಸಿರು ಬಿಗಿಹಿಡಿದು ಒದ್ದಾಡೋದನ್ನ ಪಕ್ಕದಲ್ಲೇ ನಿಂತು ನೋಡೋದು ಇದರ ರುಚಿ.

ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ವಿ. ಪುಷ್ಯ ಮಳೆ ಬಿಡದೆ ಹೊಯ್ತಿತ್ತು. ಗೇಟಲ್ಲಿ ನಮ್ಮ ಹುಡುಗನಿಗೆ ಒಂದು ಕಾರ್ಡ್ ಕೊಟ್ರು. ದಪ್ಪ ಕಾಗದ, ಅಂಚಲ್ಲಿ 1ರಿಂದ 4ರವರೆಗೆ ಅಂಕಿ, ತೂತು ಹೊಡೆಯೋಕೆ ಜಾಗ. ನನಗೆ ಆದ ಖುಷಿ ಹೇಳೋಕಾಗಲ್ಲ. ಟ್ರಯಲ್ಸಲ್ಲಿ ಹಾಗೇ ಇರುತ್ತೆ, ಸವಾರ ಕಾರ್ಡ್ ಇಟ್ಕೊಂಡು ಹೋಗ್ತಾನೆ, ಪ್ರತಿ ಸೆಕ್ಷನ್ ಮುಗಿದ ಮೇಲೆ ಅಲ್ಲಿ ನಿಂತಿರೋ ಅಬ್ಸರ್ವರ್ ಅಂಕ ಹಾಕಿ ಪಂಚ್ ಮಾಡ್ತಾರೆ. ‘ನೋಡ್ರೋ, ಪಂಚ್ ಕಾರ್ಡ್ ಕೊಟ್ಟಿದ್ದಾರೆ, ಇವರಿಗೆ ಕೆಲಸ ಗೊತ್ತು’ ಅಂತ ಎಲ್ಲರಿಗೂ ತೋರಿಸಿದೆ. ನಾಲ್ಕೇ ಸೆಕ್ಷನ್ನಾ ಅನ್ನಿಸ್ತು, ಇರ್ಲಿ, ಮೊದಲ ವರ್ಷ ಅಲ್ವಾ.

ಊಟದ ಕೂಪನ್ ಅದು. 1 ತಿಂಡಿ, 2 ಕಾಫಿ, 3 ಊಟ, 4 ಸಂಜೆ ಕಾಫಿ.

ಆಗಲೂ ಪೂರ್ತಿ ಅರ್ಥ ಆಗಿರ್ಲಿಲ್ಲ ನೋಡಿ. ಮೈಕ್ ಹತ್ರ ನಿಂತಿದ್ದ ಆಯೋಜಕರನ್ನ ಕೇಳಿದೆ, ‘ಸಾರ್, ಸೆಕ್ಷನ್ ವಾಕ್ ಎಷ್ಟೊತ್ತಿಗೆ?’ ಸ್ಪರ್ಧೆಗೆ ಮುಂಚೆ ಸವಾರರು ಸೆಕ್ಷನ್ ಒಳಗೆ ನಡ್ಕೊಂಡು ಹೋಗಿ, ಯಾವ ಕಲ್ಲು ಅಲ್ಲಾಡುತ್ತೆ, ಎಲ್ಲಿ ಚಕ್ರ ಇಡಬೇಕು ಅಂತ ನೋಡ್ಕೊಳ್ತಾರೆ, ಅದು ಸವಾರನ ಹಕ್ಕು. ಆ ಮನುಷ್ಯ ನನ್ನನ್ನೊಮ್ಮೆ ನೋಡಿ ನಕ್ಕು ಹೇಳಿದ್ದು: ‘ನಡೆಯೋದು ಯಾಕೆ ಮಾರಾಯ್ರೇ, ಬೈಕ್ ತಂದಿದೀರಲ್ಲ.’

ಅಲ್ಲಿಗೆ ಕಾಲ ಕೆಳಗಿನ ನೆಲವೇ ಕುಸಿದ ಹಾಗಾಯ್ತು. ಸುತ್ತ ನೋಡಿದ್ರೆ ಒಬ್ಬ ಅಬ್ಸರ್ವರ್ ಇಲ್ಲ. ಸವಾರರ ದರ್ಜೆಗೊಂದು ಬಣ್ಣದಲ್ಲಿ ದಾರಿ ತೋರಿಸೋ ಬಾಣ ಇಲ್ಲ. ಕಟ್ಟಿದ್ದ ಕೆಂಪು-ಬಿಳಿ ಟೇಪು ರಸ್ತೆ ಅಗೆಯುವಾಗ ಕಟ್ಟೋ ಟೇಪು, ಅದೂ ಜನ ಒಳಗೆ ನುಗ್ಗದ ಹಾಗೆ. ಒಂದು ಕಲ್ಲಿಲ್ಲ, ಒಂದು ಬೇರಿಲ್ಲ. ಮಲೆನಾಡಲ್ಲಿ ಕಲ್ಲಿಲ್ಲದ ಜಾಗ ಹುಡುಕಿ ಟ್ರಯಲ್ಸ್ ಇಟ್ಟಿದ್ದಾರೆ ಅಂದ್ರೆ ಏನು ಹೇಳೋದು! ಮೊಣಕಾಲುದ್ದದ ಕೆಸರು, ಆ ತುದಿಗೊಂದು ಡ್ರಮ್, ಈ ತುದಿಗೊಂದು ಡ್ರಮ್. ಬಾವುಟ ಹಿಡಿದವನೊಬ್ಬ, ಫೋನಲ್ಲಿ ಸ್ಟಾಪ್‌ವಾಚ್ ಹಿಡಿದವನೊಬ್ಬ.

ಇದು ಬರೀ ಹೆಸರಿನ ಜಗಳ ಅಂತ ಯಾರಾದ್ರೂ ಹೇಳ್ತಾರೆ, ಅಲ್ಲೇ ಕೆಲವರು ಹೇಳಿದ್ರು ಕೂಡ. ಹಾಗಿದ್ರೆ ಕೇಳಿ. ಟ್ರಯಲ್ಸ್ ಅಂತ ನಂಬಿ ಬೈಕ್ ರೆಡಿ ಮಾಡಿದ ಹುಡುಗನಿಗೆ ಏನಾಯ್ತು ಅಂತ ಕೇಳಿ.

ನಿಜವಾದ ಟ್ರಯಲ್ಸ್ ಬೈಕ್ ಸುಮಾರು 70 ಕಿಲೋ ತೂಗುತ್ತೆ, ಹಿಂದಿನ ಟೈರ್ ಟ್ಯೂಬ್‌ಲೆಸ್, ಗಾಳಿ ಬರೀ 4-5 ಪಿಎಸ್‌ಐ. ಟೈರ್ ಕಲ್ಲಿನ ಮೇಲೆ ಹಲ್ಲಿ ಪಾದದ ಹಾಗೆ ಅಂಟಿಕೊಳ್ಳಲಿ ಅಂತ. ನಮ್ಮ ಎಕ್ಸ್‌ಪಲ್ಸ್ 150 ಕಿಲೋಗೂ ಮಿಕ್ಕಿದ್ದು, ಟ್ಯೂಬ್ ಟೈರು. ಅದರಲ್ಲಿ ಅಷ್ಟು ಇಳಿಸೋಕಾಗಲ್ಲ. ಹಾಗಾಗಿ ಹಿಂದಿನ ಟೈರಲ್ಲಿ 12ಕ್ಕೆ ಇಳಿಸಿದ್ವಿ. ನಿಧಾನಕ್ಕೆ, ಕ್ಲಚ್ ಮೇಲೆ ಹತ್ತಿಸೋದಾದ್ರೆ 12 ನಡೆಯುತ್ತೆ. ಮುಂದಿನ ಸ್ಪ್ರಾಕೆಟಲ್ಲಿ ಒಂದು ಹಲ್ಲು ಕಡಿಮೆದು ಹಾಕಿದ್ವಿ, ಫಸ್ಟ್ ಗೇರಲ್ಲಿ ಬಸವನಹುಳು ಹಾಗೆ ಹೋಗ್ಲಿ ಅಂತ. ರಿಮ್ ಮೇಲೆ ಟೈರ್ ಜರುಗದ ಹಾಗೆ ಹಿಡಿಯೋ ರಿಮ್ ಲಾಕ್ ಹಾಕಿರ್ಲಿಲ್ಲ. ಇಷ್ಟೂ ಟ್ರಯಲ್ಸ್ ಲೆಕ್ಕಾಚಾರ.

ಕೆಸರು ರೇಸಲ್ಲಿ ಇದೇ ಸೆಟಪ್ ಕುತ್ತಿಗೆಗೆ ಬರುತ್ತೆ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ರಿಮ್ ತಿರುಗುತ್ತೆ, ಗಾಳಿ ಕಡಿಮೆ ಇರೋ ಟೈರ್ ಕೆಸರಲ್ಲಿ ಕಚ್ಚಿಕೊಂಡು ಹಿಂದೆ ಉಳಿಯುತ್ತೆ. ಟೈರ್ ಜೊತೆ ಟ್ಯೂಬೂ ಸ್ವಲ್ಪ ಸ್ವಲ್ಪವೇ ಜರುಗುತ್ತೆ. ವಾಲ್ವ್ ಮಾತ್ರ ರಿಮ್ಮಿನ ತೂತಲ್ಲಿ ಸಿಕ್ಕಿಕೊಂಡಿರುತ್ತೆ. ಓರೆಯಾಗುತ್ತೆ, ಎಳೆಯುತ್ತೆ, ಬುಡದಲ್ಲಿ ಕಿತ್ತು ಬರುತ್ತೆ. ಎರಡನೇ ಸುತ್ತಲ್ಲಿ ಅದೇ ಆಯ್ತು, ಟುಸ್ ಅಂತ ಕೂತುಬಿಡ್ತು. ಬುಡದಲ್ಲಿ ಕಿತ್ತ ವಾಲ್ವಿಗೆ ಪಂಕ್ಚರ್ ಅಂಗಡಿಯವನು ಏನೂ ಮಾಡೋಕಾಗಲ್ಲ, ಟ್ಯೂಬೇ ಹೊಸದು. (ಟ್ಯೂಬ್ ಟೈರಲ್ಲಿ ಗಾಳಿ ಇಳಿಸಿ ಓಡಿಸೋರು ಗಮನಿಸಿ: ವಾಲ್ವಿನ ಬುಡದ ನಟ್ಟನ್ನ ರಿಮ್ಮಿಗೆ ಬಿಗಿ ಮಾಡಬೇಡಿ, ಮೇಲೆ ಕ್ಯಾಪಿನ ಹತ್ರ ತಂದು ಬಿಡಿ. ಟೈರ್ ಜರುಗಿದ್ರೆ ವಾಲ್ವ್ ಓರೆಯಾಗಿದ್ದು ಕಣ್ಣಿಗೆ ಕಾಣುತ್ತೆ, ಕಿತ್ತುಹೋಗೋ ಮುಂಚೆ ಸರಿ ಮಾಡಬಹುದು.)

ಅದೂ ಹೋಗ್ಲಿ, ಟ್ಯೂಬ್ ಇವತ್ತಲ್ಲ ನಾಳೆ ಹೋಗೋದೇ. ಹೆಲ್ಮೆಟ್? ಟ್ರಯಲ್ಸಲ್ಲಿ ಓಪನ್ ಫೇಸ್ ಹಾಕ್ತಾರೆ, ವೇಗ ನಡಿಗೆಯಷ್ಟೇ, ಸುತ್ತ ಕಾಣಬೇಕು, ಉಸಿರಾಡಬೇಕು. ‘ಓಪನ್ ಫೇಸ್ ಸಾಕು, ಗಾಗಲ್ಸ್ ಬೇಡ, ಎದೆಗಾರ್ಡ್ ಭಾರ’ ಅಂತ ಆ ಹುಡುಗನಿಗೆ ಹೇಳಿದವನು ನಾನು. ಅವನು ಆ ಹೆಲ್ಮೆಟ್ ಹಾಕ್ಕೊಂಡು ಐದು ಬೈಕಿನ ಹಿಂದಿನ ಚಕ್ರದ ಕೆಸರು ಕಣ್ಣಿಗೆ ಹೊಡೆಸಿಕೊಳ್ತಾ ಹೋದ. ‘ಇಳಿಯಬೇಡ, ಬಿಡು’ ಅಂದ್ರೆ ‘ಅಣ್ಣ, 2,500 ಕಟ್ಟಿದೀವಿ’ ಅಂದ. ಬಲಗಣ್ಣು ಮೂರು ದಿನ ಕೆಂಪಗಿತ್ತು.

ನೋಡೋಕೆ ನಿಂತವರದ್ದೂ ಅದೇ ಕಥೆ. ಟ್ರಯಲ್ಸಲ್ಲಿ ಟೇಪಿಂದ ಮೂರಡಿ ದೂರದಲ್ಲಿ ಮಕ್ಕಳನ್ನ ನಿಲ್ಲಿಸಿಕೊಂಡು ನೋಡಬಹುದು. ಪೋಸ್ಟರಲ್ಲೂ ‘ಹತ್ತಿರದಿಂದ ನೋಡಿ’ ಅಂತ ಹಾಕಿದ್ರು, ಜನ ಗದ್ದೆ ಅಂಚಿನ ಮೇಲೇ ಸಾಲಾಗಿ ನಿಂತ್ರು. ಮೂರನೇ ಗುಂಪಿನ ಓಟದಲ್ಲಿ ಒಂದು ಆರ್‌ಎಕ್ಸ್ ಬೈಕ್ ಅಡ್ಡ ಜಾರಿ, ಸವಾರನನ್ನ ಕೆಡವಿ, ತಾನೊಂದೇ ಅಂಚು ಹತ್ತಿ ಜನರ ಕಾಲಬುಡಕ್ಕೆ ಬಂತು. ಒಬ್ಬ ಅಜ್ಜ ಕೊಡೆ ಸಮೇತ ಹಿಂದಿನ ಅಗಳಕ್ಕೆ ಜಾರಿದ್ರು. ಪುಣ್ಯ, ಪೆಟ್ಟಾಗಲಿಲ್ಲ. ಆಂಬುಲೆನ್ಸ್ ಎಲ್ಲಿ ಅಂದ್ರೆ ‘ತೀರ್ಥಹಳ್ಳಿಯಲ್ಲಿದೆ, ಫೋನ್ ಮಾಡಿದ್ರೆ ಬರುತ್ತೆ’ ಅಂದ್ರು. ಆ ಹೊಂಡದಲ್ಲಿ ಯಾವ ಫೋನಿಗೂ ಸಿಗ್ನಲ್ ಇರ್ಲಿಲ್ಲ.

ಈಗ ಅವರ ಉತ್ತರಗಳು. ಒಂದೂ ಬಿಡದೆ ಬರೀತೀನಿ, ಇದೇ ಮಾತು ನಿಮಗೂ ಬರುತ್ತೆ.

‘ಇದು ಟ್ರಯಲ್ಸ್ ಅಲ್ವಲ್ಲ ಸಾರ್’ ಅಂದಾಗ: ‘ಟ್ರಯಲ್ ಅಂದ್ರೆ ಟ್ರೈ ಮಾಡೋದು ತಾನೇ? ಎಲ್ಲರೂ ಟ್ರೈ ಮಾಡ್ಲಿ ಅಂತ ಇಟ್ಟಿದ್ದು.’

ಫೋಟೋ ಬಗ್ಗೆ: ‘ಅದು ಡಿಸೈನ್ ಮಾಡಿದ ಹುಡುಗ ಹಾಕಿದ್ದು, ನಮಗೆ ಅದು ಯಾರು ಅಂತಲೂ ಗೊತ್ತಿಲ್ಲ.’ ಟ್ರಯಲ್ಸ್ ಆಯೋಜಕರಿಗೆ ಟೋನಿ ಬೌ ಯಾರು ಅಂತ ಗೊತ್ತಿಲ್ಲ!

ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ನೋಡಿಕೊಳ್ಳೋ ಒಕ್ಕೂಟ) ಪರ್ಮಿಟ್ ನಂಬರ್ ಕೇಳಿದಾಗ: ‘ಪ್ರೊಸೆಸ್‌ನಲ್ಲಿದೆ.’ ಸ್ಪರ್ಧೆ ಅರ್ಧ ಮುಗಿದಿದೆ, ಪರ್ಮಿಟ್ ಇನ್ನೂ ಪ್ರೊಸೆಸ್‌ನಲ್ಲಿದೆ.

ದುಡ್ಡು ವಾಪಸ್ ಕೇಳಿದಾಗ: ‘ಊಟ ಮಾಡಿದ್ರಲ್ಲ?’ ಹೌದು ಮಾರಾಯ, ಮಾಡಿದೀವಿ, ಪಲಾವ್, ಒಂದು ಸೌಟು. 3,750 ರೂಪಾಯಿ ಪಲಾವ್.

ಮನೆಗೆ ಬಂದು ವಾಟ್ಸಾಪಲ್ಲಿ ರಸೀದಿ ಕೇಳಿದೆ. ‘ಗೂಗಲ್ ಪೇ ಸ್ಕ್ರೀನ್‌ಶಾಟೇ ರಸೀದಿ’ ಅಂತ ಬಂತು. ಆ ಸ್ಕ್ರೀನ್‌ಶಾಟಲ್ಲಿರೋದು ಯಾರೋ ಒಬ್ಬರ ಸ್ವಂತ ಖಾತೆ, ಕ್ಲಬ್ಬಿನ ಹೆಸರಿಲ್ಲ, ಸ್ಪರ್ಧೆ ಹೆಸರಿಲ್ಲ. ಮತ್ತೆ ಕೇಳಿದ್ದಕ್ಕೆ: ‘ನೀವೊಬ್ಬರೇ ಕಂಪ್ಲೇಂಟ್ ಮಾಡ್ತಿರೋದು, ಬೇರೆ ಎಲ್ಲ ಎಂಜಾಯ್ ಮಾಡಿದ್ರು.’ ಆಮೇಲೆ ನೀಲಿ ಟಿಕ್ ಬೀಳುತ್ತೆ, ಉತ್ತರ ಇಲ್ಲ.

ಮುಂದೆ ಇಂಥದ್ದಕ್ಕೆ ಹೋಗೋರು ಫೋನ್ ಮಾಡಿ ‘ಎಷ್ಟು ಸೆಕ್ಷನ್, ಎಷ್ಟು ಲ್ಯಾಪ್, ಅಬ್ಸರ್ವರ್ ಎಷ್ಟು ಜನ’ ಅಂತ ಕೇಳಿ. ಮಾಡೋದು ಗೊತ್ತಿರೋರು ತಕ್ಷಣ ಹೇಳ್ತಾರೆ, ಗೊತ್ತಿಲ್ಲದೋರು ‘ಬನ್ನಿ, ಸಖತ್ತಾಗಿರುತ್ತೆ’ ಅಂತಾರೆ. ನಿಯಮಗಳ ಕಾಗದ ಕೇಳಿ, ಕಾಲೂರಿದ್ದಕ್ಕೆ ಎಷ್ಟು ಅಂಕ ಅಂತ ಅದರಲ್ಲಿ ಇಲ್ಲ ಅಂದ್ರೆ ಅದು ಟ್ರಯಲ್ಸ್ ಅಲ್ಲ. ಜಾಗ ಯಾರದ್ದು ಅಂತಲೂ ಕೇಳಿ. ಖಾಸಗಿ ಗದ್ದೆ-ತೋಟ ಆದ್ರೆ ಸರಿ. ‘ಕಾಡಲ್ಲಿ ಒಂದು ಸಣ್ಣ ದಾರಿ ಇದೆ’ ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ, ಮೀಸಲು ಅರಣ್ಯಕ್ಕೆ ನುಗ್ಗಿ ಸಿಕ್ಕಿಬಿದ್ರೆ ಕೇಸ್ ಬೀಳೋದು ನಿಮ್ಮ ಮೇಲೆ, ಬೈಕ್ ಹೋಗೋದೂ ನಿಮ್ಮದೇ. ಇನ್ಷೂರೆನ್ಸ್ ಇದೆಯಲ್ಲ ಅನ್ಕೋಬೇಡಿ. ಬೈಕಿನ ಮಾಮೂಲಿ ಪಾಲಿಸಿ ತೆಗೆದು ನೋಡಿ, ರೇಸು, ಸ್ಪೀಡ್ ಟೆಸ್ಟು, ರಿಲಯಬಿಲಿಟಿ ಟ್ರಯಲ್ಲು ಯಾವುದಕ್ಕೂ ಅದು ಅನ್ವಯಿಸಲ್ಲ.

ದುಡ್ಡು ಬಂದಿಲ್ಲ, ಬರೋದೂ ಇಲ್ಲ ಅನ್ಕೊಂಡಿದೀನಿ. ಇಷ್ಟು ಬರೆಯೋಕೆ ಕಾರಣ ನಿನ್ನೆ ಬಂದ ಹೊಸ ಪೋಸ್ಟರ್. ಈ ಸಲ ಹೊಸನಗರ ಕಡೆಯಂತೆ, ‘ಟ್ರಯಲ್ಸ್ ಸೀಸನ್ 2’, ಎಂಟ್ರಿ 3,000. ಫೋಟೋ ಬದಲಾಗಿದೆ ಅಂತ ತೋರಿಸೋಕೆ ಅದೇ ಫೋಟೋನ ಎಡಬಲ ತಿರುಗಿಸಿದ್ದಾರೆ. ಬೈಕಿನ ಬ್ರೇಕ್ ಪೆಡಲ್ ಎಡಗಾಲಿಗೆ ಬಂದಿದೆ. ಪೋಸ್ಟರ್ ಸಿಕ್ಕಿದ್ರೆ ಮೊದಲು ಆ ಪೆಡಲ್ ನೋಡಿ.