ಆರು ಬರ್ನರ್‌ನ ಅಗ್ಗದ ಗ್ಯಾಸ್ ಗ್ರಿಲ್ ಕೊಳ್ಳುವ ಮುಂಚೆ ಇದನ್ನು ಓದಿ

ನ್ಯೂಜೆರ್ಸಿಯ ಒಂದು ಕನ್ನಡ ಮನೆಯ ಹಿತ್ತಲಿನಲ್ಲಿ ಆರು ಬರ್ನರ್‌ನ ಗ್ರಿಲ್ ಒಂದು ಮೂಲೆಗೆ ಬಿದ್ದಿದೆ. ಮೂರನೇ ನಾಬ್ ಕರಗಿ ಪ್ಯಾನೆಲ್ ಮೇಲೆ ಇಳಿದಿದೆ, ಸುತ್ತ ಅಂಗೈ ಅಗಲದ ಮಸಿ. ಜಾಳಿಗೆ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಬಲಗಡೆಯ ಎರಡು ಬರ್ನರ್ ಕೊಳವೆಗಳು ತುಕ್ಕು ತಿಂದು ಬಾಯಿಬಿಟ್ಟಿವೆ. ಮೆಮೋರಿಯಲ್ ಡೇ ಸೇಲ್‌ನಲ್ಲಿ 300 ಡಾಲರ್‌ಗೆ ತಂದ ಮಾಲು, ಎರಡನೇ ಬೇಸಿಗೆ ದಾಟಲಿಲ್ಲ. ಯಾರಿಗೂ ಗಾಯವಾಗಲಿಲ್ಲ ಅನ್ನುವುದೊಂದೇ ಸಮಾಧಾನ. ಅಂಗಡಿಯ ಹೆಸರು ಹೇಳಿ ಪ್ರಯೋಜನವಿಲ್ಲ. ಇಂಥದ್ದೇ ಗ್ರಿಲ್ ಬೇರೆ ಬೇರೆ ಹೆಸರು ಹೊತ್ತು ಪ್ರತಿ ಮೇ ತಿಂಗಳು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತದೆ.

ಡಬ್ಬದ ಮೇಲೆ ಇದ್ದದ್ದು ಏನು? 72,000 ಬಿಟಿಯು, 850 ಚದರ ಇಂಚು, ಸ್ಟೇನ್‌ಲೆಸ್ ಸ್ಟೀಲ್, 10 ವರ್ಷದ ವಾರಂಟಿ. ಇದರಲ್ಲಿ ಯಾವುದೂ ಸುಳ್ಳಲ್ಲ, ಮೋಸ ಇರುವುದೂ ಅಲ್ಲೇ.

ಮೊದಲು ಬಿಟಿಯು, ಅಂದರೆ ಶಾಖದ ಅಳತೆ. ಆ 72,000ದಲ್ಲಿ ಪಕ್ಕದ ಸೈಡ್ ಬರ್ನರ್‌ನ 12,000 ಸೇರಿದೆ. 850 ಚದರ ಇಂಚಿನಲ್ಲಿ ಮೇಲಿನ ಬೆಚ್ಚಗಿಡುವ ಜಾಳಿಗೆಯ 200 ಸೇರಿದೆ. ಅದನ್ನೆಲ್ಲ ಕಳೆದರೆ ಮುಖ್ಯ ಜಾಳಿಗೆ 650 ಚದರ ಇಂಚು, ಅದರ ಕೆಳಗೆ 60,000 ಬಿಟಿಯು. ಭಾಗಿಸಿದರೆ ಚದರ ಇಂಚಿಗೆ 92. ಗ್ರಿಲ್ ಆರಿಸುವವರು ಸಾಮಾನ್ಯವಾಗಿ 80ರಿಂದ 100 ಇದ್ದರೆ ಸಾಕು ಅನ್ನುತ್ತಾರೆ. ಲೆಕ್ಕದಲ್ಲಿ ಪಾಸು. ಆದರೂ ಆ ಗ್ರಿಲ್ ಮೇಲೆ ಪನೀರ್ ತುಂಡು ಬೇಯುತ್ತಿತ್ತೇ ಹೊರತು ಕೆಂಪಾಗುತ್ತಿರಲಿಲ್ಲ. ಕಾರಣ ಮುಚ್ಚಳ. ಒಂದೇ ಪದರದ ತೆಳು ತಗಡು, ಹಿಂದುಗಡೆ ಎರಡು ಬೆರಳು ತೂರುವಷ್ಟು ಸಂದು. ಬಂದ ಶಾಖವೆಲ್ಲ ಹಿಂದಿನಿಂದ ಹೋಗುತ್ತಿತ್ತು. ಬಿಟಿಯು ಅಂದರೆ ಗಂಟೆಗೆ ಎಷ್ಟು ಗ್ಯಾಸ್ ಸುಡುತ್ತದೆ ಎಂಬ ಲೆಕ್ಕವೇ ಹೊರತು ಜಾಳಿಗೆ ಎಷ್ಟು ಕಾಯುತ್ತದೆ ಎಂಬ ಲೆಕ್ಕ ಅಲ್ಲ. ಎರಡು ಪದರದ ಮುಚ್ಚಳ, ದಪ್ಪ ಜಾಳಿಗೆ, ಬಿಗಿಯಾದ ಒಡಲು ಇದ್ದರೆ ಮೂರು ಬರ್ನರ್‌ನ 30,000 ಬಿಟಿಯು ಗ್ರಿಲ್ ಈ ಆರು ಬರ್ನರ್‌ನದಕ್ಕಿಂತ ಚೆನ್ನಾಗಿ ಸುಡುತ್ತದೆ.

ಗ್ಯಾಸ್ ಖರ್ಚೂ ನೋಡಿ. ಒಂದು ಪೌಂಡ್ ಪ್ರೊಪೇನ್‌ನಲ್ಲಿ ಸುಮಾರು 21,500 ಬಿಟಿಯು. 60,000 ಬಿಟಿಯು ಗ್ರಿಲ್ ಪೂರ್ತಿ ಉರಿಯಲ್ಲಿ ಗಂಟೆಗೆ 2.8 ಪೌಂಡ್ ಕುಡಿಯುತ್ತದೆ. ಖಾಲಿ ಟ್ಯಾಂಕ್ ಕೊಟ್ಟು ತುಂಬಿದ್ದು ತರುವ ಕಡೆ, 20 ಪೌಂಡ್ ಟ್ಯಾಂಕ್‌ಗೆ ಬಹಳಷ್ಟು ಸಲ 15 ಪೌಂಡ್ ಮಾತ್ರ ತುಂಬಿರುತ್ತಾರೆ (ಚೀಟಿ ಓದಿದರೆ ತಿಳಿಯುತ್ತದೆ). ಅಂದರೆ ಐದೂವರೆ ಗಂಟೆಯೂ ಬರುವುದಿಲ್ಲ. ಮೂವತ್ತು ಜನರ ಕನ್ನಡ ಕೂಟದ ಊಟಕ್ಕೆ ನಿಂತರೆ ಮಧ್ಯದಲ್ಲೇ ಕೈಕೊಡುತ್ತದೆ. ಅರ್ಧ ಖಾಲಿಯಾದ ಟ್ಯಾಂಕ್‌ನಿಂದ ಒಂದೇ ಸಮ ಇಷ್ಟು ಗ್ಯಾಸ್ ಎಳೆದರೆ ಒಳಗಿನ ದ್ರವ ತಣ್ಣಗಾಗಿ, ಹೊರಗೆ ಹಿಮ ಕಟ್ಟಿ, ಒತ್ತಡ ಇಳಿದು ಉರಿ ಸೊರಗುತ್ತದೆ. ಆಗ ಟ್ಯಾಂಕ್ ಮೇಲೆ ಬಿಸಿನೀರು ಸುರಿಯುವವರಿದ್ದಾರೆ, ದಯವಿಟ್ಟು ಬೇಡ. ಬರ್ನರ್ ಕಡಿಮೆ ಮಾಡಿದರೆ ತಾನಾಗಿ ಚೇತರಿಸಿಕೊಳ್ಳುತ್ತದೆ.

ಇನ್ನು ಸ್ಟೇನ್‌ಲೆಸ್. ಕಿಸೆಯಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡು ಅಂಗಡಿಗೆ ಹೋಗಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಮ್ಯಾಗ್ನೆಟ್ ಹಿಡಿದರೆ ಬಹುತೇಕ 430 ದರ್ಜೆ, ಬೇಗ ತುಕ್ಕು ಹಿಡಿಯುವ ಜಾತಿ. ಅಷ್ಟು ನಿಜ. ಆದರೆ ಹಿಡಿಯದಿದ್ದರೆ ತುಕ್ಕಿಗೆ ಚೆನ್ನಾಗಿ ತಡೆಯುವ 304 ದರ್ಜೆ ಎಂದು ಖುಷಿಪಡಬೇಡಿ. 201 ದರ್ಜೆಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅದರಲ್ಲಿ ನಿಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್ ಹಾಕಿರುತ್ತಾರೆ. ಫ್ಲೋರಿಡಾದಂಥ ಕಡಲ ತೀರದ ಉಪ್ಪು ಗಾಳಿಗೆ 201 ಚುಕ್ಕೆ ಚುಕ್ಕೆಯಾಗಿ ಕೆಂಪಾಗುತ್ತದೆ. ದರ್ಜೆ ಬರೆದಿಲ್ಲದ ಕಡೆ 304 ಅಲ್ಲ ಎಂದೇ ತಿಳಿಯಿರಿ. 304 ಹಾಕಿದವನು ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯದೆ ಬಿಡುವುದಿಲ್ಲ. ಬಾಗಿಲು, ಪಕ್ಕದ ಹಲಗೆಗಳ ಹೊಳಪಿಗಿಂತ ಬರ್ನರ್ ಮತ್ತು ಒಡಲಿನ ಲೋಹ ಮುಖ್ಯ. ಒಡಲು ಎರಕದ ಅಲ್ಯೂಮಿನಿಯಂ ಆಗಿದ್ದರೆ ತುಕ್ಕಿನ ಮಾತೇ ಇಲ್ಲ. ಬಣ್ಣ ಬಳಿದ ತಗಡಾಗಿದ್ದರೆ ಮೂಲೆಯ ಬೆಸುಗೆಯಿಂದ ಶುರುವಾಗುತ್ತದೆ.

ನಮ್ಮ ಅಡುಗೆಗೆ ಸಂಬಂಧಿಸಿದ್ದು ಮುಂದಿನ ವಿಷಯ. ಮೊಸರು, ಉಪ್ಪು, ನಿಂಬೆರಸ, ಎಣ್ಣೆ ಕಲಸಿದ ಮಸಾಲೆಯಲ್ಲಿ ನೆನೆಸಿದ ಚಿಕನ್ ಅಥವಾ ಪನೀರ್ ಜಾಳಿಗೆಯ ಮೇಲಿಟ್ಟರೆ ಅದು ತೊಟ್ಟಿಕ್ಕುತ್ತಲೇ ಇರುತ್ತದೆ. ಉಪ್ಪೂ ಹುಳಿಯೂ ಸೇರಿದ ಈ ರಸ ತೆಳು ಸ್ಟೀಲಿಗೆ ಶತ್ರು. ಬರ್ನರ್ ಮೇಲೆ ಗುಡಾರದ ಆಕಾರದ ತಗಡು ಇರಬೇಕು, ಅದು ಬರ್ನರ್‌ನ ಎರಡೂ ಪಕ್ಕ ದಾಟಿ ಇಳಿದಿರಬೇಕು. ಅಗ್ಗದ ಗ್ರಿಲ್‌ನಲ್ಲಿ ಈ ತಗಡು ಕಿರಿದು. ರಸ ಅದರ ಅಂಚಿನಿಂದ ಜಾರಿ ನೇರ ಬರ್ನರ್‌ನ ತೂತುಗಳ ಮೇಲೆ ಬೀಳುತ್ತದೆ, ಮೊಸರು ಸುಟ್ಟು ಗಟ್ಟಿಯಾಗಿ ತೂತು ಮುಚ್ಚುತ್ತದೆ. ಮುಚ್ಚಿದ ತೂತಿನ ಸುತ್ತ ಲೋಹ ತುಕ್ಕು ಹಿಡಿದು ಬೇಗ ಸವೆಯುತ್ತದೆ. ಆ ಬರ್ನರ್‌ಗಳು ಬಾಯಿಬಿಟ್ಟದ್ದು ಹೀಗೆ. ಅಂಗಡಿಯಲ್ಲೇ ಜಾಳಿಗೆ ಎತ್ತಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಇದೇ ಕಾರಣಕ್ಕೆ ಸಿರಾಮಿಕ್ ಬಿಲ್ಲೆಯ ಇನ್‌ಫ್ರಾರೆಡ್ ಬರ್ನರ್ ಇರುವ ಮಾದರಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಒಣ ಮಸಾಲೆಯ ಮಾಂಸಕ್ಕೆ ಅದು ಭರ್ಜರಿ, ತೊಟ್ಟಿಕ್ಕುವ ಮೊಸರಿಗೆ ಅಲ್ಲ.

ನಾಬ್ ಕರಗಿದ್ದಕ್ಕೆ ಕಾರಣ ಮಾತ್ರ ಜೇಡ. ತಮಾಷೆಯಲ್ಲ. ಬರ್ನರ್ ಕೊಳವೆಯ ಮುಂದಿನ ಬಾಯಿ ವಾಲ್ವ್‌ನ ಸಣ್ಣ ತೂತಿನ ಮೇಲೆ ಕೂರುತ್ತದೆ, ಅಲ್ಲಿ ಗಾಳಿ ಸೇರಲು ಕಿಂಡಿ ಇರುತ್ತದೆ. ಚಳಿಗಾಲವಿಡೀ ಕವರ್ ಹೊದ್ದು ನಿಂತ ಗ್ರಿಲ್‌ನ ಆ ಕಿಂಡಿಯಲ್ಲಿ ಸಣ್ಣ ಜೇಡಗಳು ಬಲೆ ಕಟ್ಟಿ ಮೊಟ್ಟೆ ಇಡುತ್ತವೆ. ವಸಂತದಲ್ಲಿ ಹಚ್ಚಿದಾಗ ಗ್ಯಾಸ್ ಮುಂದೆ ಹೋಗಲಾಗದೆ ಹಿಂದಕ್ಕೆ ಕಿಂಡಿಯಿಂದ ಹೊರಬಂದು ನಾಬ್‌ಗಳ ಹಿಂದೆ, ಪ್ಯಾನೆಲ್ ಒಳಗೆ ಉರಿಯುತ್ತದೆ. ಹೊರಗೆ ನೋಡುವವರಿಗೆ ಒಂದು ಬರ್ನರ್ ಮಂಕಾಗಿದೆ ಅನ್ನಿಸುತ್ತದೆ ಅಷ್ಟೆ. ಉರಿ ಹೆಚ್ಚಿಸೋಣ ಎಂದು ನಾಬ್ ತಿರುಗಿಸುತ್ತಾರೆ, ಅಷ್ಟರಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿರುತ್ತದೆ. ಒಳ್ಳೆಯ ಗ್ರಿಲ್‌ನಲ್ಲಿ ಈ ಕಿಂಡಿಗೆ ಸಣ್ಣ ಬಲೆಯ ತಡೆ ಇರುತ್ತದೆ. ಅದಿದ್ದರೂ ವರ್ಷಕ್ಕೊಮ್ಮೆ ಬರ್ನರ್ ಬಿಚ್ಚಿ ಉದ್ದನೆಯ ಕೊಳವೆ ಬ್ರಷ್ ತೂರಿಸಿ ತೆಗೆಯಬೇಕು. ಇಲ್ಲೇ ಕೊಳ್ಳುವ ಮುಂಚಿನ ಇನ್ನೊಂದು ಪರೀಕ್ಷೆ ಇದೆ: ಬರ್ನರ್ ಹಿಂದೆ ಒಂದು ಸ್ಕ್ರೂ ಅಥವಾ ಪಿನ್‌ನಲ್ಲಿ ನಿಂತಿದೆಯೋ ಅಥವಾ ರಿವೆಟ್ ಹೊಡೆದಿದ್ದಾರೋ ನೋಡಿ. ರಿವೆಟ್ ಇದ್ದರೆ ಆ ಗ್ರಿಲ್ ಕೆಟ್ಟ ದಿನವೇ ಕಸಕ್ಕೆ.

ಹತ್ತು ವರ್ಷದ ವಾರಂಟಿ ಎಲ್ಲಿ ಹೋಯಿತು ಅಂತೀರಾ? ಬರ್ನರ್ ಪೂರ್ತಿ ತೂತಾದರೆ ಮಾತ್ರ ಅನ್ವಯ, ಮೇಲ್ಮೈ ತುಕ್ಕಿಗಿಲ್ಲ. ಜಾಳಿಗೆ, ತಗಡು, ನಾಬ್‌ಗಳಿಗೆ ಒಂದೇ ವರ್ಷ. ಸಾಗಣೆ ಖರ್ಚು ನಿಮ್ಮದು. ಇಷ್ಟರ ಮೇಲೆ, ಆ ಮಾದರಿ ಒಂದೇ ಅಂಗಡಿ ಸರಣಿಗೆ ಒಂದೇ ಹಂಗಾಮಿಗೆ ಮಾಡಿಸಿದ್ದು, ಬಿಡಿಭಾಗ ದಾಸ್ತಾನಿಲ್ಲ ಎಂಬ ಉತ್ತರ. ಆದ್ದರಿಂದ ಕೊಳ್ಳುವ ಮುಂಚೆ ಹೀಗೆ ಮಾಡಿ: ಆ ಕಂಪನಿಯ ಐದಾರು ವರ್ಷ ಹಳೆಯ ಮಾದರಿಯ ನಂಬರ್ ಹುಡುಕಿ, ಅದಕ್ಕೆ ಇವತ್ತು ಬರ್ನರ್ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಮುಂದೆ ನಿಮ್ಮದಕ್ಕೂ ಸಿಗುವುದಿಲ್ಲ.

ಒಂದು ಸಮಸ್ಯೆಯಲ್ಲಿ ಮಾತ್ರ ಗ್ರಿಲ್‌ನ ತಪ್ಪಿರುವುದಿಲ್ಲ. ಹೊಸ ಗ್ರಿಲ್ 250-300 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿಲ್ಲ ಎಂದು ವಾಪಸು ಕೊಟ್ಟು ಬರುತ್ತಾರೆ. ಬರ್ನರ್ ನಾಬ್ ತೆರೆದಿದ್ದಾಗ ಟ್ಯಾಂಕ್ ವಾಲ್ವ್ ರಪ್ಪನೆ ತಿರುಗಿಸಿದರೆ, ಸೋರಿಕೆಯಾಗಿದೆ ಎಂದುಕೊಂಡು ಸುರಕ್ಷಾ ತಡೆ ಗ್ಯಾಸ್ ಹರಿವನ್ನು ಸಣ್ಣದು ಮಾಡಿಬಿಡುತ್ತದೆ. ಎಲ್ಲ ನಾಬ್ ಮುಚ್ಚಿ, ಟ್ಯಾಂಕ್ ಮುಚ್ಚಿ, ಹೋಸನ್ನು ಟ್ಯಾಂಕ್‌ಗೆ ಸೇರಿಸುವ ಪ್ಲಾಸ್ಟಿಕ್ ನಟ್ ಬಿಚ್ಚಿ ಒಂದು ನಿಮಿಷ ಬಿಡಿ. ಮತ್ತೆ ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಬೇಡ. ವಾಲ್ವ್ ನಿಧಾನ ತೆರೆಯಿರಿ, ಆಮೇಲೆ ಮುಚ್ಚಳ ಎತ್ತಿಟ್ಟು ಹಚ್ಚಿ. ಮುಚ್ಚಳ ಹಾಕಿ ಎಂದೂ ಹಚ್ಚಬೇಡಿ. ಕಿಡಿ ಹಿಡಿಯದಿದ್ದರೆ ನಾಬ್ ಮುಚ್ಚಿ ಐದು ನಿಮಿಷ ಕಾಯಿರಿ.

ಅಂಗಡಿಯವರೇ ಜೋಡಿಸಿ ಕೊಟ್ಟ ಗ್ರಿಲ್ ಎಂದು ನಂಬಿ ಕೂರಬೇಡಿ. ಬರ್ನರ್ ಬಾಯಿ ವಾಲ್ವ್ ಮೇಲೆ ಸರಿಯಾಗಿ ಕೂರದೆ ಪಕ್ಕಕ್ಕೆ ಜಾರಿರುವುದು, ಹೋಸ್ ಒಡಲಿಗೆ ತಾಗಿರುವುದು ಎರಡೂ ಸಾಮಾನ್ಯ. ಸೋಪಿನ ನೀರು ಹಚ್ಚಿ, ನಾಬ್ ಮುಚ್ಚಿಟ್ಟು ಟ್ಯಾಂಕ್ ತೆರೆದು ಪ್ರತಿ ಜೋಡಣೆಯಲ್ಲೂ ಗುಳ್ಳೆ ಬರುತ್ತದೆಯೇ ನೋಡಿ.

ಜಿಡ್ಡಿನ ತಟ್ಟೆ ಮುಂದೆ ಅಥವಾ ಹಿಂದೆ ಸುಲಭವಾಗಿ ಎಳೆಯುವಂತಿರಲಿ, ಒಡಲಿನ ತಳ ಅದರ ಕಡೆಗೆ ಇಳಿಜಾರಾಗಿರಲಿ. ಸಪಾಟು ತಳದ ಗ್ರಿಲ್‌ನಲ್ಲಿ ಎಣ್ಣೆ ಅಲ್ಲೇ ನಿಂತು ಒಂದು ದಿನ ಹೊತ್ತಿಕೊಳ್ಳುತ್ತದೆ. ತೊಳೆಯುವ ಕೆಲಸ ತಪ್ಪಿಸಲು ತಳಕ್ಕೆಲ್ಲ ಫಾಯಿಲ್ ಹಾಸುವವರು ಜಿಡ್ಡು ಇಳಿಯುವ ತೂತನ್ನೇ ಮುಚ್ಚಿರುತ್ತಾರೆ. ಜಾಳಿಗೆಯನ್ನು ಪೂರ್ತಿ ಮುಚ್ಚುವಂತೆ ಫಾಯಿಲ್ ಅಥವಾ ದೊಡ್ಡ ತವಾ ಇಟ್ಟರೂ ಅಪಾಯವೇ, ಶಾಖ ಮೇಲೆ ಹೋಗಲಾಗದೆ ನಾಬ್‌ಗಳ ಕಡೆ ತಿರುಗುತ್ತದೆ. ಸಸ್ಯಾಹಾರಿಗಳಿಗೆ ಬೇರೆ ಬೇಕೆಂದರೆ ಅರ್ಧಕ್ಕೆ ಕೂರುವ ತವಾ ಅಥವಾ ಎರಡನೇ ಜಾಳಿಗೆ ತನ್ನಿ. ಜಿಡ್ಡು ಹೊತ್ತಿಕೊಂಡರೆ ನೀರು ಹಾಕಬೇಡಿ. ಬರ್ನರ್ ಆರಿಸಿ, ಮುಚ್ಚಳ ಮುಚ್ಚಿಡಿ.

ಸೈಡ್ ಬರ್ನರ್ ಬಗ್ಗೆ ನಮ್ಮವರಿಗೆ ವಿಶೇಷ ಆಸೆ. ಮನೆಯೊಳಗೆ ವಾಸನೆಯಾಗದಂತೆ ಬಜ್ಜಿ ಕರಿಯಬಹುದು ಎಂದು. ಆದರೆ ಅದು ಸೊಂಟದೆತ್ತರದಲ್ಲಿ, ಚಕ್ರದ ಗಾಡಿಯ ಅಂಚಿನಲ್ಲಿ ಇರುತ್ತದೆ, ದುಂಡು ತಳದ ಬಾಣಲೆ ಅಲುಗಾಡುತ್ತದೆ. ಒಗ್ಗರಣೆಗೆ ಸರಿ, ಕರಿಯಲು ಬೇಡ. ಅದಕ್ಕೆಂದೇ ನೆಲದ ಮೇಲೆ ಕೂರುವ ಔಟ್‌ಡೋರ್ ಬರ್ನರ್ ಸಿಗುತ್ತದೆ. ಆದರೆ ಅದರ ರೆಗ್ಯುಲೇಟರ್ ಮತ್ತು ಹೋಸ್ ಗ್ರಿಲ್‌ಗೆ ಹಾಕುವ ಯೋಚನೆ ಕನಸಿನಲ್ಲೂ ಬೇಡ. ತುದಿಯ ನಟ್ ಎಷ್ಟೋ ಸಲ ಸರಿಯಾಗಿ ಕೂರುತ್ತದೆ, ಅದೇ ಅಪಾಯ. ಗ್ರಿಲ್‌ಗೆ ಬೇಕಾದ್ದು 11 ಇಂಚು ನೀರಿನ ಒತ್ತಡ, ಅಂದರೆ ಸುಮಾರು 0.4 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕ). ಆ ರೆಗ್ಯುಲೇಟರ್ 20 ಪಿಎಸ್‌ಐವರೆಗೆ ಕೊಡಬಲ್ಲದು, ಐವತ್ತು ಪಟ್ಟು.

ಇಡುವ ಜಾಗ: ಗೋಡೆಯಿಂದ 10 ಅಡಿ. ಗೋಡೆಯ ಹೊರಗೆ ಹೊದಿಸುವ ಪ್ಲಾಸ್ಟಿಕ್ ಹಲಗೆ, ಅಂದರೆ ವಿನೈಲ್ ಸೈಡಿಂಗ್, ಸುಮಾರು 160 ಡಿಗ್ರಿ ಫ್ಯಾರನ್‌ಹೀಟ್‌ಗೇ ಸೊಟ್ಟಗಾಗುತ್ತದೆ, ಹಿಂದಿನ ಸಂದಿನಿಂದ ಶಾಖ ಬಿಡುವ ಅಗ್ಗದ ಗ್ರಿಲ್‌ಗೆ ಅದೇನೂ ಕಷ್ಟವಲ್ಲ. ಅಪಾರ್ಟ್‌ಮೆಂಟ್ ಬಾಲ್ಕನಿಯಾದರೆ ಕೊಳ್ಳುವ ಮುಂಚೆ ಕರಾರು ಓದಿ, ಬಹಳ ಕಡೆ ನಿಷೇಧವಿದೆ. ಟ್ಯಾಂಕ್‌ಅನ್ನು ಗ್ಯಾರೇಜ್, ಬೇಸ್‌ಮೆಂಟ್‌ನಲ್ಲಿ ಇಡಬೇಡಿ.

ಊರಿಗೆ ವಾಪಸಾಗುವವರಿಗೆ ಒಂದು ಮಾತು. ಗ್ರಿಲ್‌ಅನ್ನು ಕಂಟೇನರ್‌ನಲ್ಲಿ ಹಾಕಿ ಬೆಂಗಳೂರಿನ ಟೆರೇಸ್‌ಗೆ ತರುವವರಿದ್ದಾರೆ. ಅಲ್ಲಿನ ನಟ್ ನಮ್ಮ 14.2 ಕೆಜಿ ಸಿಲಿಂಡರ್‌ಗೆ ಕೂರುವುದಿಲ್ಲ. ಮೆಕ್ಯಾನಿಕ್ ಹೋಸ್ ಕತ್ತರಿಸಿ, ಕ್ಲಿಪ್ ಹಾಕಿ ಮನೆಯ ರೆಗ್ಯುಲೇಟರ್‌ಗೆ ಸೇರಿಸಿ ಕೊಡುತ್ತಾನೆ. ಒತ್ತಡ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರುವುದರಿಂದ ಉರಿಯೂ ಹೊತ್ತುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಅಮೆರಿಕದ ಟ್ಯಾಂಕ್‌ನಲ್ಲಿರುವುದು ಬಹುಪಾಲು ಪ್ರೊಪೇನ್, ನಮ್ಮ ಎಲ್‌ಪಿಜಿಯಲ್ಲಿ ಬ್ಯುಟೇನ್ ಪಾಲು ದೊಡ್ಡದು, ಅದಕ್ಕೆ ಹೆಚ್ಚು ಗಾಳಿ ಬೇಕು. ಸಿಗದಿದ್ದರೆ ಹಳದಿ ಉರಿ, ಮಸಿ. 60,000 ಬಿಟಿಯು ಅಂದರೆ ಗಂಟೆಗೆ ಸುಮಾರು 1.3 ಕೆಜಿ ಗ್ಯಾಸ್. ಮನೆಯ ರೆಗ್ಯುಲೇಟರ್ ಮಾಡಿರುವುದು ಅಡುಗೆ ಒಲೆಗೆ, ಇಷ್ಟು ಎಳೆತಕ್ಕಲ್ಲ. ಉರಿ ಸಾಲದು ಎಂದು ಹೋಟೆಲ್ ಒಲೆಯ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿಸಿದರೆ ಮೇಲೆ ಹೇಳಿದ ಐವತ್ತು ಪಟ್ಟಿನ ಕಥೆಯೇ. ಪೈಪ್ ಗ್ಯಾಸ್‌ಗೆ ಸೇರಿಸುವುದಂತೂ ಆಗದ ಮಾತು, ಅದಕ್ಕೆ ವಾಲ್ವ್‌ನ ತೂತೇ ಬೇರೆ ಅಳತೆಯದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಟೆರೇಸ್‌ನ ಪ್ಯಾರಪೆಟ್ ಗೋಡೆಯ ಒಳಗೇ ನಿಲ್ಲುತ್ತದೆ. ಸೋರಿಕೆಯ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ದೂರ ಹೋಗಿ 1906ಕ್ಕೆ ಫೋನ್ ಮಾಡಿ.

ಹೊರಡುವ ಮುಂಚೆ ಅಲ್ಲೇ ಮಾರಿಬಿಡಿ. ಪ್ಯಾಕರ್‌ಗಳು ಪ್ರೊಪೇನ್ ಟ್ಯಾಂಕ್ ಒಯ್ಯುವುದಿಲ್ಲ, ಹಾಗಾಗಿ ಅದನ್ನೂ ಗ್ರಿಲ್ ಜೊತೆಗೇ ಕೊಟ್ಟುಬಿಡಿ. ಕೊಳ್ಳುವವರ ಕಾರಿನಲ್ಲಿ ಮಲಗಿಸದೆ ನೇರ ನಿಲ್ಲಿಸಿ, ವಾಲ್ವ್‌ಗೆ ಪ್ಲಗ್ ಹಾಕಿ, ಕಿಟಕಿ ತೆರೆದು ಕಳಿಸಿ.